ಅಕ್ಕನ ರಕ್ತಕ್ಕೆ ಬಂದ ಅಪವಾದ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ, ಡಾಕ್ಟರ ಪೈಕಿಯೂ ಅಲ್ಲ. ಹಗಲು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತೇನೆ. ಸಂಜೆ ಕಾಲೇಜಿನಲ್ಲಿ, ತೂಕಡಿಸುತ್ತ ತೂಕಡಿಸುತ್ತ, ಓದಿ ಪಾಸಾದವನು. ಹಾಗೆ ಓದಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಗೊತ್ತಿದ್ದದ್ದನ್ನೂ ಗೊತ್ತಿದೆ ಎನ್ನಲು ಹೆದರಿಕೆ. ಇಲ್ಲಿ ಏನಾದರೂ ತಪ್ಪಿದ್ದರೆ ತಿಳಿದವರು ದಯವಿಟ್ಟು ತಿದ್ದಿಕೊಳ್ಳಬೇಕು. ಆದರೆ ನನ್ನ ಅಕ್ಕನ ರಕ್ತ ಸರಿಯಿಲ್ಲ ಎಂದು ಒಬ್ಬರು ಹೇಳಿದರು, ನೆಂಟರೆಲ್ಲ ನಂಬಿದರು, ಕೊನೆಗೆ ಅಕ್ಕನೂ ನಂಬಿದಳು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಯಾರ ಕೈ ತಪ್ಪಿಸಿಕೊಂಡು ಮೇಲ್ವಿಚಾರಕರ ಕೋಣೆಯಲ್ಲಿ ಅಳುತ್ತಿದೆ, ಎಲ್ಲವನ್ನೂ ಅವಳೇ ಹೇಳಬೇಕು. ಮಹಡಿಯ ಮೇಲೆ ಗಾಜಿನ ಪುಟ್ಟ ಕೋಣೆ. ಮೈಕಿಗೆ ಸದ್ದು ಸೇರುತ್ತದೆಂದು ಬೇಸಿಗೆಯಲ್ಲೂ ಫ್ಯಾನ್ ಹಾಕುವಂತಿಲ್ಲ. ಬೆವರು ಒರೆಸಿಕೊಳ್ಳುತ್ತಲೇ ಅವಳು ಅಷ್ಟು ತಣ್ಣಗೆ ಮಾತಾಡುತ್ತಿದ್ದಳು. ಕೆಳಗಿನ ಜನಕ್ಕೆ ಅವಳ ಮುಖ ಗೊತ್ತಿಲ್ಲ, ದನಿ ಗೊತ್ತು. ತರಕಾರಿ ಅಂಗಡಿಯಲ್ಲಿ ಅವಳು ಬಾಯಿಬಿಟ್ಟರೆ ಯಾರಾದರೊಬ್ಬರು ತಿರುಗಿ ನೋಡುವುದಿತ್ತು.

"ಊರಿಗೆಲ್ಲ ದಾರಿ ಹೇಳ್ತಾಳೆ. ನನ್ನ ಶರ್ಟ್ ಎಲ್ಲಿದೆ ಅಂದ್ರೆ ಮಾತ್ರ ಮೈಕು ಕೆಟ್ಟಿರುತ್ತೆ," ಎಂದು ಭಾವ ರೇಗಿಸುತ್ತಿದ್ದರು.

ಒಂದು ಬೆಳಿಗ್ಗೆ ಅವಳ ಕೋಣೆಯ ರೋಲಿಂಗ್ ಶಟರ್ ಅರ್ಧದಲ್ಲಿ ಸಿಕ್ಕಿಕೊಂಡಿತು. ಕೊಕ್ಕೆಯಿರುವ ಕಬ್ಬಿಣದ ಸರಳಿನಿಂದ ಎಳೆದಳು. ಸರಳು ಜಾರಿ ಬಂದು ಬಾಯಿಗೆ ಹೊಡೆಯಿತು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಹೋದವು. ತೆಗೆದು ಹಾಕಿಕೊಳ್ಳುವ ಕಟ್ಟುಹಲ್ಲಿನ ಪ್ಲೇಟ್ ಮಾಡಿಸಿಕೊಂಡಳು. ಅದನ್ನು ಹಾಕಿಕೊಂಡರೆ 'ಸ' ಬಂದಲ್ಲೆಲ್ಲ ಸಿಳ್ಳೆ. ಬಸ್ ನಿಲ್ದಾಣದಲ್ಲಿ ಕೂತು 'ಸ' ಬಿಟ್ಟು ಮಾತಾಡುವುದು ಹೇಗೆ? ಕೆಳಗೆ ಪ್ಲಾಟ್‌ಫಾರಂನಲ್ಲಿ ಕಾಲೇಜು ಹುಡುಗರು ಸಿಳ್ಳೆಗೆ ಸಿಳ್ಳೆ ಸೇರಿಸತೊಡಗಿದರು. ಮೂರನೆಯ ದಿನ ಅವಳು ಪ್ಲೇಟನ್ನು ಬಿಚ್ಚಿ ಪರ್ಸಿನಲ್ಲಿಟ್ಟುಕೊಂಡು, ಮೈಕ್ ಆರಿಸಿ, ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ನಿಲ್ದಾಣದ ಮೇಲ್ವಿಚಾರಕರು ಒಳ್ಳೆಯವರೇ. ಅವರೇ ಮನೆಗೆ ಬಂದು ಹೇಳಿದರು. "ನೋಡಮ್ಮ, ಹೊಸ ವೇಳಾಪಟ್ಟಿ ಬರೋವರೆಗೂ ಆ ಕುರ್ಚಿ ನಿಂದೇ. ಅಲ್ಲೀತನಕ ಯಾರನ್ನಾದ್ರೂ ಕೂರಿಸಿ ದೂಡ್ತೀನಿ. ಆಮೇಲೆ ಮೇಲಿನೋರು ರೆಕಾರ್ಡ್ ಮಾಡಿದ ದನಿ ಹಾಕ್ತೀವಿ ಅಂತಿದಾರೆ. ಅಷ್ಟರೊಳಗೆ ಹಲ್ಲು ಕಟ್ಟಿಸ್ಕೊಂಡು ಬಂದುಬಿಡು. ನೀನು ಕೂತಿದ್ರೆ ಎಬ್ಬಿಸೋಕೆ ಅವರಿಗೂ ಮುಖ ಬರಲ್ಲ. ಖಾಲಿ ಕುರ್ಚಿ ಕಂಡ್ರೆ ಮುಗೀತು."

ಹೀಗೆ ನಾವು ಆ ಹಲ್ಲಿನ ಡಾಕ್ಟರ ಹತ್ತಿರ ಹೋದದ್ದು.

ಡಾಕ್ಟರ ಬಗ್ಗೆ ಅನ್ಯಾಯವಾಗಿ ಬರೆಯಬಾರದು. ಅವರಷ್ಟು ಚೆನ್ನಾಗಿ ವಿವರಿಸುವವರನ್ನು ನಾನು ಸಂಜೆ ಕಾಲೇಜಿನಲ್ಲೂ ಕಂಡಿರಲಿಲ್ಲ. ದವಡೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಲ್ಲು ಹೋದ ಜಾಗದಲ್ಲಿ ಮೂಳೆ ಸವೆದು ತೆಳ್ಳಗಾಗಿತ್ತು. ಅಲ್ಲಿ ಟೈಟಾನಿಯಂ ಸ್ಕ್ರೂ ಕೂರಿಸಬೇಕು, ಅದನ್ನೇ ಇಂಪ್ಲಾಂಟ್ ಅನ್ನುತ್ತಾರೆ, ಸುತ್ತಲೂ ಮೂಳೆಯ ಪುಡಿ ತುಂಬಬೇಕು, ಆ ಮೂಳೆ ಸ್ಕ್ರೂವನ್ನು ಕಚ್ಚಿ ಹಿಡಿದರೆ ಮೇಲೆ ಹಲ್ಲು.

"ಕಚ್ಚಿ ಹಿಡಿಯೋಕೆ ಸಹಾಯ ಮಾಡೋದು ಏನು ಗೊತ್ತಾ? ನಿಮ್ಮ ರಕ್ತಾನೇ," ಎಂದರು ಡಾಕ್ಟರು. ಔಷಧದ ಚೀಟಿಯ ಹಿಂದೆ ಒಂದು ನಳಿಕೆಯ ಚಿತ್ರ ಬರೆದರು. "ಏನೂ ಔಷಧಿ ಬೆರೆಸದ ಗಾಜಿನ ಟ್ಯೂಬಿಗೆ ನಿಮ್ಮ ರಕ್ತ ತಗೋತೀವಿ. ಈ ಮಷೀನಲ್ಲಿ ಗಿರ್ರಂತ ತಿರುಗಿಸ್ತೀವಿ. ಕೆಂಪು ಕಣ ತಳಕ್ಕೆ ಹೋಗುತ್ತೆ, ತಿಳಿ ನೀರು ಮೇಲೆ ನಿಲ್ಲುತ್ತೆ. ಮಧ್ಯದಲ್ಲಿ ಹಳದಿ ಜೆಲ್ಲಿ ಥರ ಒಂದು ಗಡ್ಡೆ ಕಟ್ಟುತ್ತೆ. ಅದರಲ್ಲಿ ಗಾಯ ಮಾಯಿಸೋ ಅಂಶಗಳೆಲ್ಲ ಬಲೆಗೆ ಬಿದ್ದ ಹಾಗೆ ಸಿಕ್ಕಿಕೊಂಡಿರುತ್ತೆ. ಅದನ್ನ ಒತ್ತಿ ತೆಳು ಪೊರೆ ಮಾಡಿ ಮೂಳೆ ಮೇಲೆ ಹೊದಿಸಿದ್ರೆ, ಒಳಗಿಂದ ಕೂಲಿಯವರನ್ನ ಕರೆದ ಹಾಗೆ. ಬನ್ನಿ ಬನ್ನಿ, ಇಲ್ಲಿ ಕೆಲಸ ಇದೆ ಅಂತ."

"ಅಂದ್ರೆ ಒಳಗೂ ಇವಳದೇ ಅನೌನ್ಸ್‌ಮೆಂಟು," ಎಂದರು ಭಾವ. ಡಾಕ್ಟರೂ ನಕ್ಕರು.

ನಾನು ಅನುಮಾನದ ಪ್ರಾಣಿ. "ಔಷಧಿ ಬೆರೆಸದಿದ್ರೆ ರಕ್ತ ಹಾಗೇ ಹೆಪ್ಪುಗಟ್ಟಲ್ವಾ ಸಾರ್?" ಎಂದು ಕೇಳಿದೆ.

"ಒಳ್ಳೆ ಪ್ರಶ್ನೆ," ಎಂದು ಅವರು ಪೆನ್ನಿನಿಂದ ನನ್ನತ್ತ ತೋರಿಸಿದರು. ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. "ಕಟ್ಟುತ್ತೆ. ಅದಕ್ಕೇ ತೆಗೆದ ತಕ್ಷಣ ಮಷೀನಿಗೆ ಹಾಕಬೇಕು. ಸೂಜಿ ಹೊರಗೆ ಬಂತು, ಟ್ಯೂಬು ಒಳಗೆ ಹೋಯ್ತು, ಅಷ್ಟೇ. ತಿರುಗ್ತಾ ತಿರುಗ್ತಾ ಹೆಪ್ಪಾಗಬೇಕು. ಕೈಯಲ್ಲಿಟ್ಕೊಂಡು ಕೂತ್ರೆ ಕೆಂಪು ಮುದ್ದೆ, ಇನ್ನೇನೂ ಇಲ್ಲ."

ಈ ಮಾತನ್ನು ದಯವಿಟ್ಟು ಗಮನದಲ್ಲಿಡಬೇಕು. ಇದು ಅವರ ಮಾತು, ನನ್ನದಲ್ಲ.

ಶಸ್ತ್ರಕ್ರಿಯೆಯ ದಿನ ನಾನು, ಭಾವ ಇಬ್ಬರೂ ರಜೆ ಹಾಕಿ ಹೋದೆವು. ಆ ಕ್ಲಿನಿಕ್ಕಿನ ಹೊರಕೋಣೆಯ ಗೋಡೆಗೆ ದೊಡ್ಡ ಟಿವಿ. ಅದರಲ್ಲಿ ಸದ್ದಿಲ್ಲದೆ ಫೋಟೋಗಳು ಸರಿಯುತ್ತಿದ್ದವು. ಪ್ರತಿ ಫೋಟೋದಲ್ಲೂ ಒಬ್ಬ ರೋಗಿ, ಅವರ ಕೈಯಲ್ಲಿ ಅವರದೇ ರಕ್ತ ತುಂಬಿದ ಟ್ಯೂಬು, ಮುಖದಲ್ಲಿ ನಗು. ಕೆಳಗೆ 'ನನ್ನ ರಕ್ತ, ನನ್ನ ಮೂಳೆ' ಎಂಬ ಬರಹ. ಇದು ಅಲ್ಲಿನ ಪದ್ಧತಿ. ರಿಸೆಪ್ಷನ್ ಮೇಡಂ ಅದರ ಉಸ್ತುವಾರಿ. ರಕ್ತ ತೆಗೆದ ಮೇಲೆ, ತಿರುಗಿಸುವುದಕ್ಕೆ ಮೊದಲು, ಕಿಟಕಿಯ ಹತ್ತಿರ ಫೋಟೋ. ತಿರುಗಿಸಿದ ಮೇಲೆ ತೆಗೆದರೆ ಬಣ್ಣ ಚೆನ್ನಾಗಿ ಬರುವುದಿಲ್ಲವಂತೆ, ನೋಡುವವರಿಗೆ ಅದು ರಕ್ತ ಅಂತ ಅನ್ನಿಸುವುದಿಲ್ಲವಂತೆ.

ಸಿಸ್ಟರ್ ಅಕ್ಕನ ತೋಳಿನಿಂದ ನಾಲ್ಕು ಟ್ಯೂಬು ತೆಗೆದರು. ಮೇಡಂ ಅವನ್ನು ಪುಟ್ಟ ಸ್ಟ್ಯಾಂಡಿನಲ್ಲಿಟ್ಟು ಅಕ್ಕನ ಕೈಗೆ ಕೊಟ್ಟರು.

"ಸ್ಮೈಲ್ ಮಾಡಿ ಮೇಡಂ."

ಅಕ್ಕ ತುಟಿ ಬಿಗಿದಳು. ಮುಂದಿನ ಎರಡು ಹಲ್ಲು ಇಲ್ಲದವಳು ಕ್ಯಾಮರಾ ಮುಂದೆ ನಗುವುದು ಹೇಗೆ? ಆ ಹಲ್ಲು ಹೋದಾಗಿನಿಂದ ಅವಳು ಕನ್ನಡಿಯ ಮುಂದೂ ನಕ್ಕಿರಲಿಲ್ಲ.

"ಹೀಗೆ ಬೇಡ ಮೇಡಂ, ಪೊಲೀಸರು ತೆಗೆದ ಫೋಟೋ ಥರ ಕಾಣುತ್ತೆ. ಸ್ವಲ್ಪ ನಗಿ. ಹಲ್ಲು ಇಲ್ದೇ ಇರೋದೇ ನಮಗೆ ಬೇಕಾಗಿರೋದು. ಮೊದಲು, ಆಮೇಲೆ ಅಂತ ಪಕ್ಕಪಕ್ಕ ಹಾಕ್ತೀವಿ."

"ಬೇಡಮ್ಮ, ಬಿಡಿ."

"ಎಲ್ಲಾರೂ ತೆಗೆಸ್ಕೊಂಡಿದಾರೆ ಮೇಡಂ. ನೀವೇನು ಸ್ಪೆಷಲ್ಲಾ?"

ಭಾವ ನಗಿಸಲು ನೋಡಿದರು. "ನಗೇ, ನಿನ್ನ ಫೋಟೋ ನೋಡಿ ಹಲ್ಲಿರೋರೂ ಕೀಳಿಸ್ಕೊಳ್ಳೋಕೆ ಬರ್ತಾರೆ." ಅಕ್ಕನಿಗೆ ನಗು ಬಂದುಬಿಟ್ಟಿತು, ಬಂದದ್ದೇ ಕೈ ಬಾಯಿಗೆ ಹೋಯಿತು. ಫೋಟೋ ಕೆಟ್ಟಿತು. ಮತ್ತೆ ತೆಗೆದರು. ಬೆಳಕು ಸಾಲದೆಂದು ಪರದೆ ಸರಿಸಿದರು. ಟ್ಯೂಬನ್ನು ಗಲ್ಲದ ಹತ್ತಿರ ಹಿಡಿಯಲು ಹೇಳಿದರು, ಸೆರಗು ಸರಿಮಾಡಲು ಹೇಳಿದರು. ನಡುವೆ ಫೋನಿಗೆ ಯಾರದೋ ಕರೆ ಬಂತು, ಮೇಡಂ ಮಾತಾಡಿದರು. ಸಿಸ್ಟರ್ ಬಾಗಿಲಲ್ಲಿ ನಿಂತು ಒಂದು ಸಲ "ಮೇಡಂ, ಲೇಟಾಗ್ತಿದೆ" ಎಂದರು. "ಆಯ್ತು ಆಯ್ತು, ಇದೇ ಲಾಸ್ಟು." ಲಾಸ್ಟು ಅಂದ ಮೇಲೂ ಇನ್ನೆರಡು ತೆಗೆದರು.

ಆಮೇಲೆ ಟ್ಯೂಬುಗಳು ಯಂತ್ರಕ್ಕೆ ಹೋದವು. ಯಂತ್ರ ನಿಂತ ಮೇಲೆ ಡಾಕ್ಟರು ಒಂದನ್ನು ಎತ್ತಿ ನೋಡಿದರು, ಇನ್ನೊಂದನ್ನು ನೋಡಿದರು, ಹುಬ್ಬು ಗಂಟಿಕ್ಕಿದರು. ಹಳದಿ ಜೆಲ್ಲಿ ಇರಲಿಲ್ಲ. ಮೇಲಿಂದ ಕೆಳಗಿನವರೆಗೂ ಕೆಂಪು ಮುದ್ದೆ.

"ಇವರ ರಕ್ತದಲ್ಲಿ ಸತ್ವ ಕಮ್ಮಿ," ಎಂದರು. "ಕೆಲವರದು ಹೀಗೇ. ಪರವಾಗಿಲ್ಲ, ಬರೀ ಮೂಳೆ ಪುಡಿಯಲ್ಲೇ ಮಾಡ್ತೀನಿ. ಆದ್ರೆ ಗ್ಯಾರಂಟಿ ಕೊಡೋಕಾಗಲ್ಲ."

ಅಕ್ಕ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಳು. ಆ ಮಾತು ಅವಳ ತಲೆಯ ಮೇಲಿನಿಂದಲೇ ಹಾದುಹೋಯಿತು. ಉತ್ತರ ಕೊಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಆ ಸ್ಥಿತಿಯಲ್ಲಿದ್ದ ನಾವಿಬ್ಬರು ತಲೆಯಾಡಿಸಿದೆವು.

ಕೆಲವು ವಾರಗಳಲ್ಲಿ ಸ್ಕ್ರೂ ಅಲ್ಲಾಡತೊಡಗಿತು. ನಾಲಗೆ ತಾಗಿದರೆ ಅಲ್ಲಾಡುತ್ತದೆ ಎಂದು ಅಕ್ಕ ಹೇಳಿದಾಗ ಅವಳ ಮುಖ ನೋಡಲಾಗಲಿಲ್ಲ. ಡಾಕ್ಟರು ಅದನ್ನು ತೆಗೆದರು. "ನಾನು ಅವತ್ತೇ ಹೇಳಿದ್ದೆ. ಮೂಳೆ ಹಿಡೀಲಿಲ್ಲ. ರಕ್ತ ಸಹಕರಿಸಲಿಲ್ಲ. ಇನ್ನುಮೇಲೆ ಸೊಪ್ಪು ಚೆನ್ನಾಗಿ ತಿನ್ನಿಸಿ," ಎಂದರು.

ರಕ್ತ ಸಹಕರಿಸಲಿಲ್ಲವಂತೆ! ನಿಲ್ದಾಣದಲ್ಲಿ ರಕ್ತದಾನದ ಶಿಬಿರ ನಡೆದಾಗಲೆಲ್ಲ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು ಇವಳು. ಮೈಕಿನಲ್ಲಿ ಜನರನ್ನು ಕರೆದು, ಕೆಳಗಿಳಿದು ಬಂದು, ತಾನೇ ಮೊದಲು ತೋಳು ಚಾಚುತ್ತಿದ್ದಳು. ಈಗ ಮನೆಯಲ್ಲಿ ಅವಳ ಅತ್ತೆ ದಿನಾ ಸೊಪ್ಪು ಬೇಯಿಸತೊಡಗಿದರು. ಚಿಕ್ಕಮ್ಮ ಫೋನ್ ಮಾಡಿ, "ಚಿಕ್ಕಂದಿನಿಂದ್ಲೂ ಅವಳು ಬಿಳುಚಿಕೊಂಡೇ ಇದ್ಲು ಬಿಡು," ಎಂದರು. ಯಾವತ್ತೂ ಹಾಗಿರಲಿಲ್ಲ. ಭಾವ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲ ಸರಿಯಾಗಿತ್ತು. ಅದನ್ನು ತೋರಿಸಿದರೆ ಡಾಕ್ಟರು, "ಸತ್ವ ಅನ್ನೋದು ರಿಪೋರ್ಟಲ್ಲಿ ಕಾಣಲ್ಲ," ಎಂದರು. ಯಾವ ಯಂತ್ರಕ್ಕೂ ಕಾಣದ, ಡಾಕ್ಟರಿಗೆ ಮಾತ್ರ ಕಾಣುವ ದೋಷ. ಇಂಥ ಮಾತಿಗೆ ಎದುರು ಹೇಳುವುದು ಹೇಗೆ?

ನನಗೆ ಸಿಟ್ಟು ತರಿಸಿದ್ದು ಅಕ್ಕನೇ. "ನನ್ನ ರಕ್ತ ಸರಿಯಿಲ್ಲದಿದ್ರೆ ಅವರೇನು ಮಾಡ್ತಾರೋ ಪಾಪ," ಎಂದಳು. ಮೇಲ್ವಿಚಾರಕರಿಗೆ ಫೋನ್ ಮಾಡಿ, ಕುರ್ಚಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳುವವಳಿದ್ದಳು. ಭಾವ ಫೋನ್ ಕಿತ್ತುಕೊಂಡರು.

ಗಾಯ ಮಾಗಿದೆಯೇ ನೋಡಲು ಡಾಕ್ಟರು ಕರೆದಿದ್ದರು. ಮೂವರೂ ಹೋಗಿ ಹೊರಕೋಣೆಯಲ್ಲಿ ಕೂತೆವು. ನಮ್ಮೆದುರಿಗೇ ಒಬ್ಬ ಮುದುಕರಿಗೆ ಫೋಟೋ ತೆಗೆಯುತ್ತಿದ್ದರು. ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಟ್ಯೂಬು ಕೈಗೆ ಬಂದದ್ದೇ ಬೊಚ್ಚುಬಾಯಿ ಅಗಲಿಸಿ ನಕ್ಕರು, ಮೇಡಂ ಒಂದು ಒತ್ತಿದರು, ಸಿಸ್ಟರ್ ಟ್ಯೂಬನ್ನು ಒಳಗೆ ಒಯ್ದರು, ಮುದುಕರೂ ಹಿಂದೆಯೇ ಹೋದರು. ಮುಗಿಯಿತು. ಅಷ್ಟು ಬೇಗ ಮುಗಿದದ್ದನ್ನು ಕಂಡೇ ನನಗೆ ಹೊಳೆದದ್ದು. ಅಕ್ಕನ ಫೋಟೋ ಎಷ್ಟು ಹೊತ್ತು ನಡೆದಿತ್ತು! ಡಾಕ್ಟರ ಮಾತು ಕಿವಿಯಲ್ಲಿ ಹಾಗೇ ಕೇಳಿಸಿತು. ಕೈಯಲ್ಲಿಟ್ಕೊಂಡು ಕೂತ್ರೆ ಕೆಂಪು ಮುದ್ದೆ.

ನಾನು ಹೇಳಬಹುದೇ? ತಪ್ಪಾಗಿದ್ದರೆ? ಭಾವನಿಗೆ ಪಿಸುಗುಟ್ಟಿದೆ. ಅವರು ನನ್ನನ್ನು ಕರೆಯುವುದೇ 'ಸಂಜೆ ಪಂಡಿತ' ಎಂದು. "ಪಂಡಿತ, ಇವತ್ತಾದ್ರೂ ಬಾಯಿ ಬಿಡು. ಇಲ್ಲದಿದ್ರೆ ನಾನು ಬಿಡ್ತೀನಿ, ಆಮೇಲೆ ನನ್ನ ಹಲ್ಲೂ ಇಲ್ಲೇ ಉದುರುತ್ತೆ," ಎಂದರು.

ಡಾಕ್ಟರು ಬಾಗಿಲಿಗೆ ಬಂದಾಗ ನಾನು ಎದ್ದು ನಿಂತೆ. "ಸಾರ್, ಒಂದು ಸಣ್ಣ ಸಂದೇಹ. ಅವತ್ತು ಫೋಟೋದಲ್ಲಿ ತುಂಬಾ ಹೊತ್ತು ಹೋಯ್ತು. ಅಷ್ಟರಲ್ಲಿ ರಕ್ತ ಟ್ಯೂಬಲ್ಲೇ ಹೆಪ್ಪುಗಟ್ಟಿರಬಹುದಾ ಅಂತ…"

"ಏನು ಓದಿದೀರಿ ನೀವು?"

"ಬಿ.ಎ. ಸಾರ್. ಸಂಜೆ ಕಾಲೇಜು."

ಕೂತವರಲ್ಲಿ ಯಾರೋ ನಕ್ಕರು. ಡಾಕ್ಟರು ನಗಲಿಲ್ಲ. "ಈ ಥಿಯರಿ ಎಲ್ಲಿ ಕಲಿತ್ರಿ? ಮೊಬೈಲಲ್ಲಾ?"

"ನೀವೇ ಹೇಳಿಕೊಟ್ಟಿದ್ದು ಸಾರ್. ಚೀಟಿ ಹಿಂದೆ ಚಿತ್ರ ಬರೆದು."

ರಿಸೆಪ್ಷನ್ ಮೇಡಂ ಮೇಜಿನ ಹಿಂದಿನಿಂದ ಎದ್ದರು. "ಎಲ್ಲರದ್ದೂ ಫೋಟೋ ತೆಗೀತೀವಿ. ಯಾರ ರಕ್ತಾನೂ ಕಂಪ್ಲೇಂಟ್ ಮಾಡಿಲ್ಲ. ಇವರದೊಂದೇ!"

"ಒಂದು ಫೋಟೋದಿಂದ ಏನೂ ಆಗಲ್ಲ ರೀ," ಎಂದರು ಡಾಕ್ಟರು. "ಕೆಲವರ ರಕ್ತವೇ ಹಾಗೆ. ಅದನ್ನ ಒಪ್ಪಿಕೊಳ್ಳೋದು ಕಷ್ಟ, ನನಗೆ ಅರ್ಥ ಆಗುತ್ತೆ. ಹಾಗಂತ ನಮ್ಮ ಮೇಲೆ ಹಾಕಬೇಡಿ."

ನಾನು ಕೂತುಬಿಡುತ್ತಿದ್ದೆನೇನೋ. ಆಗ ಅಕ್ಕ ಎದ್ದಳು. ಅವಳು ಕೂಗಲಿಲ್ಲ. ಅವಳಿಗೆ ಕೂಗುವ ಅಭ್ಯಾಸವಿಲ್ಲ, ಕೇಳಿಸುವ ಅಭ್ಯಾಸವಿದೆ. ಹಲ್ಲಿಲ್ಲದ ಸಂದಿಯಿಂದ ಗಾಳಿ ಹೋಗುತ್ತಿದ್ದರೂ ಆ ದನಿ ಒಳಗಿನ ಕೋಣೆಯವರೆಗೂ ಮುಟ್ಟಿತು.

"ಡಾಕ್ಟ್ರೇ, ಈಗಲೇ ಒಂದು ಟ್ಯೂಬ್ ತೆಗೀರಿ. ನನಗೆ ಚಿಕಿತ್ಸೆ ಬೇಡ. ನನ್ನೆದುರಿಗೇ ತೆಗೆದು, ನನ್ನೆದುರಿಗೇ ತಿರುಗಿಸಿ. ಫೋಟೋ ಇಲ್ಲ, ಮಾತಿಲ್ಲ. ಆಗಲೂ ಕೆಂಪು ಮುದ್ದೇನೇ ಬಂದ್ರೆ ಇಷ್ಟು ಜನರ ಮುಂದೆ ನನ್ನ ರಕ್ತ ಸರಿಯಿಲ್ಲ ಅಂತ ನಾನೇ ಒಪ್ಕೋತೀನಿ."

ಕಾದು ಕೂತವರೆಲ್ಲ ಮೊಬೈಲಿನಿಂದ ತಲೆ ಎತ್ತಿದ್ದರು. ಬೊಚ್ಚುಬಾಯಿಯ ಮುದುಕರು ಒಳಗಿನಿಂದ ಇಣುಕಿ, "ಮಾಡಿ ನೋಡಿ ಡಾಕ್ಟ್ರೇ, ನಾನು ಕಾಯ್ತೀನಿ, ನನಗೇನು ಕಡಿಯೋಕೆ ಕೆಲಸ ಇದೆಯಾ?" ಎಂದರು. ಡಾಕ್ಟರಿಗೆ ಬೇರೆ ದಾರಿ ಇರಲಿಲ್ಲ.

ಸಿಸ್ಟರ್ ಮುದುಕರ ಟ್ಯೂಬು ಹೊರತೆಗೆದು, ಬಾಗಿಲ ಪಕ್ಕದ ಯಂತ್ರದ ಮುಚ್ಚಳ ಮೊದಲೇ ತೆರೆದಿಟ್ಟರು. ತೂಕ ಸರಿಹೋಗಲೆಂದು ಎದುರು ಗುಣಿಯಲ್ಲಿ ನೀರು ತುಂಬಿದ ಟ್ಯೂಬೊಂದನ್ನು ಇಟ್ಟರು. ಸೂಜಿ ಹೊರಗೆ ಬಂತು, ಟ್ಯೂಬು ಒಳಗೆ ಹೋಯಿತು. ಯಂತ್ರ ತಿರುಗತೊಡಗಿತು. ನಾನು ಮನಸ್ಸಿನಲ್ಲೇ, ದೇವರೇ ನಾನು ಹೇಳಿದ್ದು ತಪ್ಪಾಗದಿರಲಿ, ಎನ್ನುತ್ತಿದ್ದೆ. ಅಕ್ಕ ತೋಳಿನ ಹತ್ತಿಯನ್ನು ಒತ್ತಿ ಹಿಡಿದು ನಿಂತೇ ಇದ್ದಳು.

ಯಂತ್ರ ನಿಂತಿತು. ಸಿಸ್ಟರ್ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದರು. ತಳದಲ್ಲಿ ಕೆಂಪು, ಮೇಲೆ ತಿಳಿ, ನಡುವೆ ಹೆಬ್ಬೆರಳಿನ ತುದಿಯಷ್ಟು ಹಳದಿ ಗಡ್ಡೆ. ಚಿಮಟದಿಂದ ಹೊರಗೆ ತೆಗೆದರೆ ಹರಿಯದೆ, ಒಡೆಯದೆ, ಗಟ್ಟಿಯಾಗಿ ತೂಗಾಡಿತು. ಸಿಸ್ಟರ್ ಅದನ್ನು ಅಕ್ಕನ ಕಡೆ ತಿರುಗಿಸಿ ತೋರಿಸಿದರು. ಅಕ್ಕ ಅದನ್ನು ತುಂಬ ಹೊತ್ತು ನೋಡಿದಳು.

ಈಗ ಒಂದು ಮಾತು, ತಪ್ಪಾಯಿತು ಎಂಬ ಒಂದೇ ಮಾತು ಬಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

"ನೋಡಿದ್ರಾ?" ಎಂದರು ಡಾಕ್ಟರು, ಮುಖ ಅರಳಿಸಿ. "ನಾನು ಹೇಳಿರಲಿಲ್ವಾ? ಆಹಾರ ಸುಧಾರಿಸಿದ್ದು ಎಷ್ಟು ಬೇಗ ಫಲ ಕೊಟ್ಟಿದೆ ನೋಡಿ. ಸೊಪ್ಪು ತಿಂದಿದ್ದು ಸಾರ್ಥಕ ಆಯ್ತು."

"ಡಾಕ್ಟ್ರೇ," ಎಂದಳು ಅಕ್ಕ, "ನನಗೆ ಸೊಪ್ಪು ಕಂಡ್ರಾಗಲ್ಲ. ಒಂದು ತುತ್ತೂ ತಿಂದಿಲ್ಲ."

"ಅಷ್ಟೂ ನಾನೇ ತಿಂದಿದ್ದು," ಎಂದರು ಭಾವ. "ಅಮ್ಮ ನೋಡದಿದ್ದಾಗ ಇವಳು ನನ್ನ ತಟ್ಟೆಗೆ ಸುರೀತಿದ್ಲು. ಬೇಕಾದ್ರೆ ನನ್ನ ರಕ್ತ ತಿರುಗಿಸಿ, ಹಸಿರಾಗಿ ಬರುತ್ತೆ."

ಹೊರಕೋಣೆಯೆಲ್ಲ ನಕ್ಕಿತು. ಡಾಕ್ಟರು ಮಾತ್ರ ಗಡಿಯಾರ ನೋಡಿ, ಕಾಯುತ್ತಿರುವವರಿದ್ದಾರೆ ಎಂದು ಒಳಗೆ ಹೋದರು. ಆಗ ರಿಸೆಪ್ಷನ್ ಮೇಡಂ ಫೋನ್ ಹಿಡಿದುಕೊಂಡು ಹತ್ತಿರ ಬಂದರು. ಅವರ ದನಿಯಲ್ಲಿ ಯಾವ ಕೆಟ್ಟತನವೂ ಇರಲಿಲ್ಲ, ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು. "ಮೇಡಂ, ಈ ಸಲ ಸೂಪರಾಗಿ ಬಂದಿದೆ. ಇದರ ಜೊತೆ ಒಂದೇ ಒಂದು ಫೋಟೋ?"

ಅಕ್ಕ ಆ ಹಳದಿ ಗಡ್ಡೆಯನ್ನು ತೋರಿಸಿ ಕೇಳಿದಳು. "ಇದರದ್ದು ತಗೊಳ್ಳಮ್ಮ. ಕೆಳಗೆ ಏನು ಬರೀತೀಯ? 'ಇದು ಮೊದಲೂ ಸರಿಯಾಗೇ ಇತ್ತು' ಅಂತ ಬರೀತೀಯಾ?"

ಮೇಡಂ ಫೋನ್ ಕೆಳಗಿಳಿಸಿದರು.

ಆಮೇಲೆ ನಾವು ಅಲ್ಲಿಗೆ ಹೋಗಲಿಲ್ಲ. ದಂತ ವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ, ಮೂಳೆ ಮತ್ತೆ ಸಿದ್ಧವಾಗುವವರೆಗೆ ಕಾದು, ಹೊಸ ಸ್ಕ್ರೂ ಹಾಕಿಸಿದೆವು. ಅಲ್ಲಿ ರಕ್ತ ತೆಗೆದವರು ಯಾರ ಮುಖವನ್ನೂ ನೋಡದೆ ಟ್ಯೂಬಿನೊಂದಿಗೆ ಓಡಿದರು. ಆ ಓಟ ನೋಡಿ ಭಾವ, "ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡ್ತಾರಲ್ಲೇ," ಎಂದರು. ಜೆಲ್ಲಿ ಚೆನ್ನಾಗಿ ಕಟ್ಟಿತು. ಸ್ಕ್ರೂ ಹಿಡಿಯಿತು. ಮೇಲೆ ಹಲ್ಲು ಬಂದವು. ಅಕ್ಕನ 'ಸ' ಮೊದಲಿನಂತೆ ಸ್ವಚ್ಛವಾಯಿತು.

ಆದರೆ ಮೂಳೆ ಮಾಗುವುದಕ್ಕೆ ಅದರದೇ ಕಾಲ ಬೇಕು. ಅದಕ್ಕಾಗಿ ವೇಳಾಪಟ್ಟಿ ಕಾಯುವುದಿಲ್ಲ. ಮೊದಲ ಸ್ಕ್ರೂ ತೆಗೆದು ಎರಡನೆಯದಕ್ಕೆ ಕಾಯುತ್ತಿದ್ದ ತಿಂಗಳುಗಳಲ್ಲೇ ಹೊಸ ವೇಳಾಪಟ್ಟಿ ಬಂತು, ಖಾಲಿ ಕುರ್ಚಿ ಮೇಲಿನವರ ಕಣ್ಣಿಗೆ ಬಿತ್ತು, ಗಾಜಿನ ಕೋಣೆಯಲ್ಲಿ ಒಂದು ಪೆಟ್ಟಿಗೆ ಬಂದು ಕೂತಿತು. ಈಗ ನಿಲ್ದಾಣದಲ್ಲಿ ಕೇಳುವುದು ಯಾರದೋ ರೆಕಾರ್ಡ್ ಮಾಡಿದ ದನಿ. ಬಸ್ಸು ಬಂದು ಹೋದ ಮೇಲೂ ಅದು ಬರಲಿದೆ ಎನ್ನುತ್ತಿರುತ್ತದೆ. ಅಕ್ಕನಿಗೆ ಕೆಳಗೆ ವಿಚಾರಣೆ ಕಿಟಕಿಯಲ್ಲಿ ಕೆಲಸ. ಅಲ್ಲಿ ಒಬ್ಬೊಬ್ಬರಿಗೇ ಹೇಳಬೇಕು. ಮೇಲ್ವಿಚಾರಕರು ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ. ತಗ್ಗಿಸಬೇಕಾದವರು ಅವರಲ್ಲ.

ನಾನು ದಂತ ವೈದ್ಯ ಕಾಲೇಜಿನ ಪ್ರೊಫೆಸರ್ ಮೇಡಂ ಅವರನ್ನು ಕೇಳಿದ್ದೆ. ಮೊದಲ ಸಲ ಆ ಜೆಲ್ಲಿ ಕಟ್ಟಿದ್ದರೆ ಸ್ಕ್ರೂ ನಿಲ್ಲುತ್ತಿತ್ತೇ? ಅವರು ಕೈಗವಸು ಬಿಚ್ಚುತ್ತ ಸ್ವಲ್ಪ ಯೋಚಿಸಿದರು. "ರಕ್ತ ಕಾದ್ರೆ ಜೆಲ್ಲಿ ಕೆಡುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಜೆಲ್ಲಿಯಿಂದ ಮೂಳೆಗೆ ಎಷ್ಟು ಸಹಾಯ ಆಗುತ್ತೆ ಅನ್ನೋದರ ಬಗ್ಗೆ ನಮ್ಮಲ್ಲೇ ಇನ್ನೂ ವಾದ ನಡೀತಿದೆ. ಒಸಡು ಬೇಗ ಮಾಗೋದನ್ನ ನೋಡಿದೀನಿ. ಸ್ಕ್ರೂ ಜೆಲ್ಲಿ ಇಲ್ದೇನೂ ಎಷ್ಟೋ ಜನಕ್ಕೆ ಹಿಡಿಯುತ್ತೆ, ಜೆಲ್ಲಿ ಇದ್ರೂ ಕೆಲವರಿಗೆ ಹಿಡಿಯಲ್ಲ. ನಿಮ್ಮಕ್ಕಂದು ಯಾಕೆ ಹಿಡೀಲಿಲ್ಲ ಅಂತ ಈಗ ಯಾರಿಗೂ ಹೇಳೋಕಾಗಲ್ಲ."

ಆದ್ದರಿಂದ ನಾನೂ ಹೇಳಲಾರೆ. ಅಕ್ಕನ ರಕ್ತದಲ್ಲಿ ದೋಷವಿರಲಿಲ್ಲ ಎಂಬುದನ್ನು ನನ್ನ ಕಣ್ಣಾರೆ ಕಂಡೆ, ಅಷ್ಟನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಅವತ್ತು ಫೋಟೋ ತೆಗೆಯದಿದ್ದರೆ ಮೊದಲ ಸ್ಕ್ರೂ ನಿಲ್ಲುತ್ತಿತ್ತೇ, ನಿಂತಿದ್ದರೆ ವೇಳಾಪಟ್ಟಿ ಬರುವುದರೊಳಗೆ ಅಕ್ಕ ಆ ಕುರ್ಚಿಯಲ್ಲಿ ಕೂತಿರುತ್ತಿದ್ದಳೇ, ಕೂತಿದ್ದರೆ ಅವಳನ್ನು ಎಬ್ಬಿಸದೆ ಬಿಡುತ್ತಿದ್ದರೇ, ಇದು ಯಾವುದೂ ನನಗೆ ಗೊತ್ತಿಲ್ಲ.